ಮೊಂಡನ ಎತ್ತರ

ಜನವರಿ ೯

ತಳಿ ಪುಸ್ತಕದ ಕಚೇರಿ
ನೋಟೀಸು

ಮಾನ್ಯರೇ,

ವಿಷಯ: ತಮ್ಮ ಲಾಯದ ಗಂಡು ಕುದುರೆ 'ಮೊಂಡ'ನ ದುರ್ನಡತೆ ಕುರಿತು.

೧. ಸದರಿ ಕುದುರೆಯು ಕಳೆದ ಬೇಸಿಗೆಯಲ್ಲಿ ಈ ಕಚೇರಿಯ ಈಗಿನ ಉಪ-ಸಹಾಯಕ ಗುಮಾಸ್ತರ ಅಂಗಿಯ ಬಲತೋಳನ್ನು, ಅದು ಅವರ ಮೈಮೇಲೆ ಇರುವಾಗಲೇ, ತಿಂದಿರುವುದು ಸಾಬೀತಾಗಿರುತ್ತದೆ.

೨. ಆದ್ದರಿಂದ ಅದರ ಹೆಸರನ್ನು ತಳಿ ಪುಸ್ತಕದಿಂದ ಹೊಡೆದುಹಾಕಲಾಗಿದ್ದು, ತಮ್ಮ ಐದು ಹೆಣ್ಣು ಕುದುರೆಗಳನ್ನು ಕೂಡಲೇ ಕಚೇರಿಯ ವಶಕ್ಕೆ ಒಪ್ಪಿಸತಕ್ಕದ್ದು.

೩. ತಪ್ಪಿದಲ್ಲಿ ತಮ್ಮನ್ನೇ ಕಟ್ಟಿಹಾಕಿ ಅಳತೆ ತೆಗೆಯಲಾಗುವುದು.

ಸೂಚನೆ: ಮೇಲಿನದೆಲ್ಲ ತಮಾಷೆ.

ಅಕ್ಕಾ, ಹೆದರಿದೆ ತಾನೆ? ಮೊಹರು ಅಸಲಿದು. ಕಚೇರಿಯಲ್ಲಿ ನನ್ನ ಕೈಗೆ ಕೊಟ್ಟಿರೋ ಅಧಿಕಾರ ಅಂದರೆ ಅದೊಂದೇ, ಅದಕ್ಕೇ ಸಿಕ್ಕಿದ್ದಕ್ಕೆಲ್ಲ ಒತ್ತುತ್ತಿದ್ದೇನೆ. ನಿನ್ನೆ ಬಾಳೆಹಣ್ಣಿಗೂ ಒತ್ತಿದೆ.

ನಾನಿಲ್ಲಿ ಕ್ಷೇಮ. ನನಗೆ ಕೊಟ್ಟಿರೋದು ಅರ್ಧ ಕುರ್ಚಿ. ಅದರ ಬೆನ್ನು ಮುರಿದಿದೆ, ಆದ್ದರಿಂದ ದೇಶಸೇವೆಗೆ ನೆಟ್ಟಗೇ ಕೂರಬೇಕು. ನಮ್ಮ ಗಿಡ್ಡ ಕುದುರೆಗಳು ಭೂಮಿಯ ಮೇಲೆ ಉಳಿದಿರೋದು ನಲವತ್ತೊಂದು. ಅವನ್ನು ಉಳಿಸೋ ಈ ಕಚೇರಿಯಲ್ಲಿ ಕುರ್ಚಿಗಳು ನಲವತ್ಮೂರು. ಕುರ್ಚಿಗಳ ತಳಿಗೆ ಸದ್ಯಕ್ಕೆ ಅಪಾಯವಿಲ್ಲ.

ನನ್ನ ಮೇಲಧಿಕಾರಿ ಅಳತೆಗಾರರು. ಅಳತೆಗೆ ಮುಂಚೆ ಪ್ರತಿ ಸಲ ಮೂಗು ಒರೆಸಿ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಆಮೇಲೆ ಕೋಲು ಮುಟ್ಟುತ್ತಾರೆ. ಆ ಕೋಲಿನ ವೈಭವ ನೀನು ನೋಡಬೇಕು! ಮಖಮಲ್ಲಿನ ಚೀಲ, ಚೀಲಕ್ಕೆ ಆರು ಗುಂಡಿ. ಕರಿಮರದ ಕೋಲು, ನಲವತ್ತು ವರ್ಷದ ಕೈಜಿಡ್ಡು ಕುಡಿದು ಕನ್ನಡಿ ಹಾಗೆ ಹೊಳೆಯುತ್ತೆ. ಮೇಲೆ ಕುದುರೆಯ ಹೆಗಲಿಗೆ ತಾಗಿಸೋ ಅಡ್ಡಪಟ್ಟಿ, ಪಟ್ಟಿಯ ಮೇಲೆ ಸಮ ತೋರಿಸೋ ರಸಮಟ್ಟ. ಬುಡಕ್ಕೆ ಹಿತ್ತಾಳೆ ಟೋಪಿ. ಸೋಮವಾರ ಸೋಮವಾರ ಆ ಟೋಪಿ ಬಿಚ್ಚಿ, ಉಜ್ಜಿ, ಮತ್ತೆ ತೊಡಿಸೋದು ನನ್ನ ಪವಿತ್ರ ಕರ್ತವ್ಯ. ಮಿಲಿಮೀಟರಿಗೊಂದು ಗೆರೆ, ಅವು ಶುರುವಾಗೋದೇ ನೂರು ಸೆಂಟಿಮೀಟರಿನಿಂದ, ಕೆಳಗೆಲ್ಲ ಬೋಳು. ನೂರಕ್ಕಿಂತ ಗಿಡ್ಡ ಕುದುರೆ ಇನ್ನೂ ಹುಟ್ಟಿಲ್ಲವಂತೆ.

"ಗುಮಾಸ್ತ, ಮನುಷ್ಯ ಸುಳ್ಳು ಹೇಳ್ತಾನೆ, ಕುದುರೆ ಬೆನ್ನು ತಗ್ಗಿಸಿ ಸುಳ್ಳು ಹೇಳುತ್ತೆ. ಕೋಲು ಮಾತ್ರ ಹೇಳಲ್ಲ," ಅಂದರು ಮೊದಲ ದಿನ. ನಾನು ಕೋಲಿಗೆ ನಮಸ್ಕಾರ ಮಾಡಿದೆ. ತಮಾಷೆಗೆ ಮಾಡಿದ್ದು ಅಂತ ಅವರಿಗೆ ಗೊತ್ತಾಗಲಿಲ್ಲ, ತಲೆ ಸವರಿದರು.

ಇತಿ ನಿನ್ನ ತಮ್ಮ,
ತಳಿ ಪುಸ್ತಕದ ಉಪ-ಸಹಾಯಕ ಗುಮಾಸ್ತ, ಮೊಹರಿನ ಧಣಿ, ಅರ್ಧ ಕುರ್ಚಿಯ ಪೂರ್ಣಾಧಿಪತಿ


ಜನವರಿ ೨೦

ಕೋತಿ,

ನಿನ್ನ ನೋಟೀಸು ಬಂದಾಗ ನಾನು ಗೊರಸು ಕತ್ತರಿಸ್ತಾ ಇದ್ದೆ. ಮೊಹರು ನೋಡಿದ್ದೇ ಕೈಯಿಂದ ಚಾಕು ಬಿತ್ತು. ಎರಡನೇ ಕಲಮು ಓದೋ ಹೊತ್ತಿಗೆ ಹುಲ್ಲಿನ ಮೇಲೆ ಕೂತುಬಿಟ್ಟಿದ್ದೆ. ಕೊನೇ ಸಾಲು ಕಣ್ಣಿಗೆ ಬಿದ್ದಿದ್ದು ಎಷ್ಟೋ ಹೊತ್ತಾದ ಮೇಲೆ. ಆಮೇಲೆ ನಗು ಬಂತು, ಇಲ್ಲ ಅನ್ನಲ್ಲ. ಆದರೆ ಇನ್ನೊಂದು ಸಲ ನನಗೆ 'ಮಾನ್ಯರೇ' ಅಂತ ಬರೆದರೆ ಅಲ್ಲಿಗೇ ಬಂದು ಕಿವಿ ಹಿಂಡ್ತೀನಿ, ನಿನ್ನ ಅಳತೆಗಾರರ ಮುಂದೇನೇ.

ಇಂಥ ವಿಷಯದಲ್ಲಿ ತಮಾಷೆ ಬೇಡ ಪುಟ್ಟ. ಏಪ್ರಿಲ್‌ಗೆ ಮೊಂಡನಿಗೆ ಐದು ತುಂಬುತ್ತೆ. ಮೂರನೇ ವರ್ಷದ ಅಳತೆ ಬರೀ ಅಂದಾಜು, ಐದನೇದೇ ಕೊನೇದು. ಹೆಗಲ ಎತ್ತರ ನೂರ ಮೂವತ್ತು ಸೆಂಟಿಮೀಟರ್ ದಾಟಿದರೆ ಅವತ್ತೇ ಬೀಜ ತೆಗೀತಾರೆ. ಎತ್ತರದ ಗಂಡು ಉಳಿದರೆ ತಳಿ ಕೆಡುತ್ತೆ ಅಂತ ಅವರ ನಿಯಮ, ಸರಿಯಾದ ನಿಯಮವೇ. ಬೀಜದ ಕುದುರೆ ಇಲ್ಲದ ಲಾಯದಲ್ಲಿ ಹೆಣ್ಣು ಕುದುರೆ ಬಿಡಲ್ಲ, ಐದನ್ನೂ ಲಾರಿಗೆ ಹತ್ತಿಸಿಕೊಂಡು ಹೋಗ್ತಾರೆ. ನಿನಗೆ ಇದು ಕಚೇರಿ. ನನಗೆ ಬೆಳಗ್ಗೆ ಎದ್ದರೆ ಇದೊಂದೇ ಇರೋದು.

ಅಂದ ಹಾಗೆ ನನಗೇನೂ ಭಯ ಇಲ್ಲ. ಬಾಗಿಲ ಕಂಬದ ಮೇಲೆ ತಿಂಗಳಿಗೊಂದು ಗೆರೆ ಹಾಕ್ತಾ ಬಂದಿದ್ದೀನಿ. ಒಂದು ವರ್ಷದಿಂದ ಅವನು ಬೆಳೆದೇ ಇಲ್ಲ. ನಿಮ್ಮ ಕೋಲಿನ ಲೆಕ್ಕದಲ್ಲಿ ನೂರಿಪ್ಪತ್ತೆಂಟರ ಮೇಲೆ ಎರಡು ಗೆರೆ, ಅಲ್ಲೇ ನಿಂತಿದ್ದಾನೆ. ಅದೇ ಕಂಬದಲ್ಲಿ ನಿನ್ನ ಹತ್ತನೇ ವರ್ಷದ ಗೆರೆ ಅವನಿಗಿಂತ ನಾಲ್ಕು ಬೆರಳು ಮೇಲಿದೆ. ನೀನು ತುದಿಗಾಲಲ್ಲಿ ನಿಂತಿದ್ದೆ, ನನಗೆ ಅವತ್ತೇ ಗೊತ್ತಿತ್ತು.

ಲಾಯದ ಬಾಗಿಲು ಇಳಿಬಿದ್ದಿದೆ, ಮುಚ್ಚಿದರೆ ತಾನೇ ತೆರೆದುಕೊಳ್ಳುತ್ತೆ. ಮೊಂಡ ಮೂತಿಯಲ್ಲಿ ತಳ್ಳಿಕೊಂಡು ಹೊರಗೆ ಬಂದು ಒಗೆದ ಬಟ್ಟೆ ತಿಂತಾನೆ. ಅಡಿಯಲ್ಲಿ ಎರಡು ಬೆರಳು ಸಂದು. ಏನು ತುರುಕಿದರೂ ನಿಲ್ಲಲ್ಲ. ಅಲ್ಲಿ ಗಟ್ಟಿ ಮರದ ಚೂರು ಸಿಕ್ಕಿದರೆ ಕಳಿಸು.

ಸ್ವೆಟರ್ ಹಾಕ್ಕೋ.

ಅಕ್ಕ


ಫೆಬ್ರವರಿ ೧೪

ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ಇದರ ಜೊತೆ ಒಂದು ಮರದ ಬೆಣೆ ಲಗತ್ತಿಸಲಾಗಿದೆ. ಸರಿಯಾಗಿ ಮೂರು ಸೆಂಟಿಮೀಟರ್ ದಪ್ಪ. ಇದರ ಕುಲಗೋತ್ರ ಕೇಳಬಾರದು. ಇತಿಹಾಸದಲ್ಲಿ ಇಂಥ ಬೆಣೆ ಯಾವ ಲಾಯಕ್ಕೂ ಸಿಕ್ಕಿಲ್ಲ, ಇನ್ನು ಸಿಗೋದೂ ಇಲ್ಲ ಅಂತಷ್ಟೇ ತಿಳಿದಿರು. ಮೊಂಡನಿಗೆ ಹೇಳು, ದಿನಾ ಇದಕ್ಕೆ ತಲೆಬಾಗಲಿ ಅಂತ.

ಮಾರ್ಚ್ ಒಂದಕ್ಕೆ ನಮ್ಮ ಕಚೇರಿಯ ಅಧ್ಯಕ್ಷರ ಕುದುರೆ 'ಚಕ್ರವರ್ತಿ'ಗೆ ಕೊನೇ ಅಳತೆ. ಅಧ್ಯಕ್ಷರನ್ನು ನೀನು ಫೋಟೋದಲ್ಲಿ ನೋಡಿದ್ದೀಯ, ಎಲ್ಲ ಫೋಟೋದಲ್ಲೂ ಕುದುರೆಯ ಮುಂದೆ ನಿಂತು ಅದನ್ನೇ ಮರೆಮಾಡಿರುತ್ತಾರೆ. "ನನ್ನ ಚಕ್ರವರ್ತಿಗೆ ಅಳತೆ ಯಾಕ್ರೀ? ಅಳತೆ ಅಂದ್ರೇನೇ ಅವನು!" ಅಂತ ಹೋದ ವಾರ ಸಭೆಯಲ್ಲಿ ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ನನ್ನದೇ ಕಾರಣಕ್ಕೆ.

ಆ ದಿನ ಅವರ ಮುಖ ನೋಡೋಕೆ ಮುಂದಿನ ಸಾಲಲ್ಲೇ ಇರ್ತೀನಿ. ಅದಕ್ಕಾಗಿ ತಕ್ಕಮಟ್ಟಿನ ಪೂರ್ವಸಿದ್ಧತೆಯನ್ನೂ ಮಾಡಿಕೊಂಡಿದ್ದೇನೆ. ಹೆಚ್ಚು ಹೇಳಿದರೆ ರುಚಿ ಕೆಡುತ್ತೆ.

ಇತಿ,
ಟೋಪಿ ಉಜ್ಜುವ ಇಲಾಖೆಯ ಮುಖ್ಯಸ್ಥ, ಬೆಣೆದಾನಶೂರ, ನಿನ್ನ ತಮ್ಮ


ಮಾರ್ಚ್ ೩

ಅಕ್ಕಾ,

ಚಕ್ರವರ್ತಿ ಪದಚ್ಯುತರಾದರು. ನೂರ ಮೂವತ್ತೊಂದು.

ಅಂಗಳದ ಚಪ್ಪಡಿ ತೊಳೆದು ಒರೆಸಿದ್ದರು. ಅಳತೆಗಾರರು ಮೂಗು ಒರೆಸಿದರು, ನಾಲ್ಕು ಮಡಿಕೆ, ಜೇಬು. ಆರು ಗುಂಡಿ ಬಿಚ್ಚಿದರು. ಪಟ್ಟಿ ಇಳಿಸಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಮೂರನೇ ಸಲ ನೋಡೋವಾಗ ಅವರ ಕಿವಿ ಬೆಳ್ಳಗಾಗಿತ್ತು.

"ನೂರ ಮೂವತ್ತೊಂದು," ಅಂದರು.

"ಏನಂದ್ರಿ? ಯಾರ ಕುದುರೆ ಗೊತ್ತೇನ್ರೀ ಇದು?" ಅಂದರು ಅಧ್ಯಕ್ಷರು.

"ನನಗೆ ಗೊತ್ತು ಸ್ವಾಮಿ. ಕೋಲಿಗೆ ಗೊತ್ತಿಲ್ಲ."

ಆ ಮುಖ ಇತ್ತಲ್ಲ ಅಕ್ಕಾ! ಉಬ್ಬಿದ ಪೂರಿಗೆ ಬೆರಳು ಚುಚ್ಚಿದ ಹಾಗೆ. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಇನ್ನೇನು ಅಧ್ಯಕ್ಷರು ಕೂಗಾಡುತ್ತಾರೆ, ಕೋಲನ್ನೇ ತಪಾಸಣೆ ಮಾಡಿ ಅನ್ನುತ್ತಾರೆ, ಗದ್ದಲ ಆಗುತ್ತೆ, ಎಲ್ಲರೂ ನಗುತ್ತಾರೆ, ಮುಗಿಯುತ್ತೆ ಅಂದುಕೊಂಡಿದ್ದೆ. ಅವರು ಕೂಗಾಡಲೇ ಇಲ್ಲ. ಸುತ್ತ ಐವತ್ತು ಜನ ಇದ್ದರು. ಎಲ್ಲರ ಕಡೆ ಒಂದು ಸಲ ನೋಡಿ, "ನಿಯಮ ಅಂದ ಮೇಲೆ ನಿಯಮ. ನನ್ನದರಿಂದಲೇ ಶುರುವಾಗಲಿ. ಇನ್ಮೇಲೆ ಯಾರಿಗೂ ಒಂದು ಗೆರೆ ರಿಯಾಯಿತಿ ಇಲ್ಲ," ಅಂದರು. ದೊಡ್ಡ ಚಪ್ಪಾಳೆ ಬಿತ್ತು.

ಕಚೇರಿಯ ಕುದುರೆ ಡಾಕ್ಟರಮ್ಮ ಅಲ್ಲೇ ಪೆಟ್ಟಿಗೆ ತೆರೆದರು. ನಾನು ಏನೋ ಹೇಳೋಣ ಅಂತ ಬಾಯಿ ತೆಗೆದೆ. ಅಳತೆಗಾರರು ಕೈಗೆ ಪೆನ್ನು ಕೊಟ್ಟು, "ಬರಿ ಗುಮಾಸ್ತ. ಒಂದು, ಮೂರು, ಒಂದು," ಅಂದರು. ಬರೆದೆ. ಅಕ್ಷರ ದುಂಡಗೆ ಬಂದಿದೆ.

ಕುದುರೆ ಎದ್ದು ನಿಂತಾಗ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿತು. ಜೇಬಿನಲ್ಲಿ ಸಕ್ಕರೆ ಹುಡುಕೋ ಅಭ್ಯಾಸ ಅದಕ್ಕೆ. ನನ್ನ ಜೇಬನ್ನೂ ಮೂಸಿತು.

ಒಟ್ಟಿನಲ್ಲಿ ಬಹಳ ತಮಾಷೆಯಾಗಿತ್ತು.

ತಮ್ಮ,
ಉಪ-ಸಹಾಯಕ ಗುಮಾಸ್ತ


ಮಾರ್ಚ್ ೧೫

ಪುಟ್ಟ,

ಇದರಲ್ಲಿ ತಮಾಷೆ ಯಾವುದು ಅಂತ ನನಗೆ ಗೊತ್ತಾಗಲಿಲ್ಲ. ಚಕ್ರವರ್ತಿನೂ ಮೊಂಡನೂ ಒಂದೇ ತಂದೆ ಮಕ್ಕಳು. ಆ ಬಿಳಿಗಾಲಿನ ವಂಶದಲ್ಲಿ ಬೀಜದವು ಇದ್ದಿದ್ದೇ ಇವೆರಡು. ಇನ್ನು ಮೊಂಡ ಒಬ್ಬನೇ.

ಆದರೂ ಒಂದು ಮಾತು. ನಿನ್ನ ಅಳತೆಗಾರರನ್ನ ನೀನು ಗೇಲಿ ಮಾಡ್ತೀಯ, ನನಗೆ ಮಾತ್ರ ಅವರ ಮೇಲೆ ಗೌರವ ಬಂತು. ಅಧ್ಯಕ್ಷರ ಕುದುರೆಗೂ ಅದೇ ಕೋಲು, ನನ್ನ ಕುದುರೆಗೂ ಅದೇ ಕೋಲು. ಇಂಥವರು ಅಳೀತಾರೆ ಅಂದರೆ ನಾನು ನೆಮ್ಮದಿಯಾಗಿ ಇರ್ತೀನಿ.

ಬೆಣೆ ಹೇಳಿ ಮಾಡಿಸಿದ ಹಾಗೆ ಕೂತಿದೆ. ಮೊಂಡ ಎರಡು ದಿನ ಒದ್ದು ನೋಡಿದ, ಆಮೇಲೆ ಅದನ್ನ ನೆಕ್ಕೋಕೆ ಶುರು ಮಾಡಿದ. ಏನೋ ಹಿತ್ತಾಳೆ ಪಾಲಿಶಿನ ವಾಸನೆ ಬರುತ್ತೆ ಅದರಿಂದ. ಎಲ್ಲಿಂದ ಕದ್ದೆಯೋ.

ಅಕ್ಕ


ಏಪ್ರಿಲ್ ೨

ಅಕ್ಕಾ,

ಈ ವರ್ಷ ಐದು ತುಂಬೋ ಗಂಡುಗಳ ಅಳತೆಗೆ ಪ್ರವಾಸ ಶುರುವಾಗಿದೆ. ಅಳತೆಗಾರರು, ಡಾಕ್ಟರಮ್ಮ, ನಾನು, ಮಖಮಲ್ಲಿನ ಚೀಲ. ಇದುವರೆಗೆ ಮೂರು ಲಾಯ, ಮೂರೂ ಗಂಡು ಫೇಲು. ಹೋದಲ್ಲೆಲ್ಲ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ನಿನ್ನ ಲಾಯಕ್ಕೆ ಇಪ್ಪತ್ತನಾಲ್ಕನೇ ತಾರೀಕು ಬರ್ತೀವಿ.

ಎರಡು ಕೆಲಸ ಮಾಡು, ಯಾಕೆ ಅಂತ ಕೇಳಬೇಡ.

ಮೊದಲನೇದು, ಆ ಬೆಣೆ ಕೂಡಲೇ ಅಂಚೆಯಲ್ಲಿ ವಾಪಸ್ ಕಳಿಸು. ಅದಕ್ಕಿಂತ ಒಳ್ಳೇದು ಮಾಡಿಸಿ ಕಳಿಸ್ತೀನಿ. ತೇಗದ್ದು, ಕೆತ್ತನೆ ಇರೋದು, ಬೇಕಾದರೆ ನಿನ್ನ ಹೆಸರೂ ಕೊರೆಸ್ತೀನಿ.

ಎರಡನೇದು, ಮೊಂಡನ ಗೊರಸು ಎಷ್ಟಾಗುತ್ತೋ ಅಷ್ಟು ಕತ್ತರಿಸು. ಇನ್ನು ಸಾಕು ಅನ್ನಿಸಿದ ಮೇಲೂ ಸ್ವಲ್ಪ.

ತಮ್ಮ


ಏಪ್ರಿಲ್ ೧೧

ಪುಟ್ಟ,

ಬೆಣೆ ಕೊಡಲ್ಲ. ಕೊಟ್ಟು ವಾಪಸ್ ಕೇಳೋದು ಎಂಥ ಬುದ್ಧಿ? ಅದನ್ನ ತೆಗೆದರೆ ಬಾಗಿಲು ನಿಲ್ಲಲ್ಲ. ಅಳತೆ ಹತ್ತಿರ ಬಂದಾಗ ಇವನು ಹೊರಗೆ ಓಡಿ ಕಾಲು ಉಳುಕಿಸಿಕೊಂಡರೆ? ಕೆತ್ತನೆ ನಿನ್ನ ಮದುವೆಗೆ ಮಾಡಿಸ್ಕೋ.

ಗೊರಸು ಕತ್ತರಿಸಿದೆ. ಇಪ್ಪತ್ತು ವರ್ಷದಿಂದ ಗೊರಸು ಕತ್ತರಿಸ್ತಾ ಇದ್ದೀನಿ, ಎಲ್ಲಿ ನಿಲ್ಲಿಸಬೇಕು ಅಂತ ಕೈಗೇ ಗೊತ್ತು. ನೀನು ಹೇಳಿದೆ ಅಂತ ಅಲ್ಲಿಂದ ಮುಂದೆ ಹೋದೆ. ನಾಲ್ಕನೇ ಕಾಲಿಗೆ ರಕ್ತ ಜಿನುಗಿತು. ಅವನು ಒದೆಯಲಿಲ್ಲ. ತಿರುಗಿ ನನ್ನ ಮುಖ ನೋಡಿದ ಅಷ್ಟೆ. ಈಗ ಬೆಂಕಿ ಮೇಲೆ ನಡೆಯೋ ಹಾಗೆ ನಡೀತಾನೆ. ಕಂಬದಲ್ಲಿ ನೂರಿಪ್ಪತ್ತೇಳರ ಮೇಲೆ ಮೂರು ಗೆರೆ ಬಂದಿದೆ. ಒಂಬತ್ತು ಗೆರೆ ಇಳಿಸಿದ್ದೀನಿ. ಇನ್ನೇನು ಇಳಿಸಲಿ, ಕಾಲನ್ನೇ?

ನೀನು ಬರೆಯೋ ರೀತಿ ನನಗೆ ಹಿಡಿಸ್ತಿಲ್ಲ. ತಮಾಷೆ ಎಲ್ಲಿ ಹೋಯ್ತು? ನಿನಗೇನಾದ್ರೂ ಗೊತ್ತಿದ್ದರೆ ಈಗಲೇ ಹೇಳು. ಒಂದೇ ಸಲ ಕೇಳ್ತಿದ್ದೀನಿ.

ಅಕ್ಕ


ಏಪ್ರಿಲ್ ೧೭

ಅಕ್ಕಾ,

ಗೊತ್ತಿರೋದು ಏನೂ ಇಲ್ಲ. ಬಿಗಿ ಜಾಸ್ತಿಯಾಗಿದೆ, ಅಷ್ಟೆ.

ಅವತ್ತು ನಾನು ಕಚೇರಿಯವನಾಗಿ ಬರ್ತೀನಿ. ನಗಿಸಬೇಡ.

ತಮ್ಮ


ಮೇ ೬

ಪುಟ್ಟ,

ನೀನು ಹೋಗಿ ಹನ್ನೆರಡು ದಿನ ಆಯ್ತು. ಒಂದು ಕಾಗದ ಇಲ್ಲ. ಅವತ್ತು ನೀನು ಅಲ್ಲೇ ಇದ್ದೆ, ಆದರೂ ನಡೆದಿದ್ದನ್ನ ಬರೀತೀನಿ. ನೀನು ಪುಸ್ತಕದಿಂದ ತಲೆ ಎತ್ತಲೇ ಇಲ್ಲ, ಅದಕ್ಕೆ.

ಮೊಂಡ ಚಪ್ಪಡಿ ಮೇಲೆ ನಿಲ್ಲೋಕೆ ಒದ್ದಾಡಿದ. ಒಂದು ಕಾಲು ಊರಿ ಇನ್ನೊಂದು ಎತ್ತುತ್ತಿದ್ದ. ಡಾಕ್ಟರಮ್ಮ ಬಗ್ಗಿ ಗೊರಸು ನೋಡಿ, "ಯಾರಮ್ಮ ಹೀಗೆ ಕತ್ತರಿಸಿದ್ದು?" ಅಂದರು. ನಾನೇ ಅಂದೆ. "ಎತ್ತರ ಕಮ್ಮಿ ತೋರಿಸೋಕಾ?" ಅಂದರು. ಇಪ್ಪತ್ತು ವರ್ಷದಲ್ಲಿ ನನ್ನನ್ನ ಯಾರೂ ಹಾಗೆ ನೋಡಿರಲಿಲ್ಲ.

ಅಳತೆಗಾರರು ಪಟ್ಟಿ ಇಳಿಸಿ, "ನೂರ ಮೂವತ್ತು, ಮೂರು ಗೆರೆ," ಅಂದರು.

"ಸಾರ್, ಕಂಬದಲ್ಲಿ ಗುರುತು ಹಾಕಿದ್ದೀನಿ, ನೂರಿಪ್ಪತ್ತೇಳೇ ಇರೋದು. ಒಂದು ಸಲ ನೋಡಿ ಸಾರ್."

"ಲಾಯದ ನೆಲ ತುಳಿತಕ್ಕೆ ಸವೆಯುತ್ತೆ ತಾಯಿ, ಕುದುರೆ ಹಳ್ಳದಲ್ಲಿ ನಿಂತಿರುತ್ತೆ. ನನ್ನ ಕೋಲು ಸವೆಯಲ್ಲ."

"ಮೂರೇ ಗೆರೆ ಅಲ್ವಾ ಸಾರ್? ಅಕ್ಕಿ ಕಾಳಿನಷ್ಟಿಲ್ಲ."

"ಅಧ್ಯಕ್ಷರಿಗೇ ಬಿಡಲಿಲ್ಲ."

ಆಮೇಲೆ ನಾನು ನಿನ್ನ ಕಡೆ ತಿರುಗಿ, "ಪುಟ್ಟ, ನೀನಾದ್ರೂ ಹೇಳೋ," ಅಂದೆ. ಕೇಳಿಸ್ತಾ ನಿನಗೆ? ನೀನು ಬರೀತಿದ್ದೆ. ಮೂರು ಅಂಕೆ, ಒಂದು ಚುಕ್ಕೆ, ಮತ್ತೊಂದು ಅಂಕೆ. ಅಷ್ಟು ಬರೆಯೋಕೆ ಎಷ್ಟು ಹೊತ್ತೋ?

ಹಗ್ಗ ಹಿಡಿಯೋಕೆ ಜನ ಸಾಲಲ್ಲ ಅಂದರು, ನಾನೇ ಹಿಡಿದೆ. ನಾನು ತಲೆ ಹಿಡಿದರೆ ಅವನು ಒದ್ದಾಡಲ್ಲ. ಒದ್ದಾಡಲಿಲ್ಲ.

ಮೂರನೇ ದಿನ ಲಾರಿ ಬಂತು. ಐದನ್ನೂ ಹತ್ತಿಸಿದರು. ಮುದುಕಿ ಕುದುರೆ ಹಲಗೆ ಹತ್ತಲ್ಲ ಅಂತ ನಿಂತಿತು, ನಾನೇ ಹಿಂದಿನಿಂದ ತಳ್ಳಿದೆ. ಇಲ್ಲದಿದ್ದರೆ ಅವರು ಹೊಡೀತಿದ್ದರು.

ಮೊಂಡ ಈಗ ಒಬ್ಬನೇ. ಗಾಯ ಒಣಗಿದೆ. ಬೆಳಗಾದರೆ ಬಾಗಿಲ ಹತ್ತಿರ ನಿಂತು ಹೆಣ್ಣು ಕುದುರೆಗಳನ್ನ ಕಟ್ಟುತ್ತಿದ್ದ ಕಡೆ ನೋಡ್ತಾನೆ. ಬಟ್ಟೆ ತಿನ್ನಲ್ಲ. ಮೊನ್ನೆ ನಾನೇ ಬೇಕಂತ ಒಂದು ಹಳೇ ಲಂಗ ಮುಂದೆ ಹಿಡಿದೆ. ಮೂಸಿ ಬಿಟ್ಟ.

ಅವತ್ತು ಬೆಳಗ್ಗೆ ನಾನು ಡಾಕ್ಟರಮ್ಮನಿಗೆ ನೀರು ತರೋಕೆ ಒಳಗೆ ಹೋಗಿ ಬಂದಾಗ ನೀನು ಲಾಯದ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. ಏನು ಮಾಡ್ತಿದ್ದೆ ಅಲ್ಲಿ?

ಅಕ್ಕ


ಆಗಸ್ಟ್ ೩೦

ಅಕ್ಕಾ,

ನಾಲ್ಕು ತಿಂಗಳಲ್ಲಿ ಹನ್ನೊಂದು ಕಾಗದ ಬರೆದೆ, ಹನ್ನೊಂದೂ ಹರಿದೆ. ಎಲ್ಲದರಲ್ಲೂ ಕೊನೆಗೆ ಒಂದು ತಮಾಷೆ ಬರುತ್ತಿತ್ತು, ಕೈಗೆ ಅಭ್ಯಾಸವಾಗಿಬಿಟ್ಟಿದೆ. ಇದರಲ್ಲಿ ಬಂದರೂ ಕಳಿಸ್ತೀನಿ.

ನಿನ್ನ ಬಾಗಿಲ ಕೆಳಗಿರೋದು ಆ ಕೋಲಿನ ಬುಡ.

ಫೆಬ್ರವರಿಯ ಒಂದು ಸೋಮವಾರ ಟೋಪಿ ಬಿಚ್ಚಿ, ಗರಗಸದಲ್ಲಿ ಮೂರು ಸೆಂಟಿಮೀಟರ್ ಕೊಯ್ದು, ಟೋಪಿ ಮತ್ತೆ ತೊಡಿಸಿದೆ. ಗಿಡ್ಡ ಕೋಲಿಗೆ ಎಲ್ಲ ಕುದುರೆಯೂ ಇದ್ದಿದ್ದಕ್ಕಿಂತ ಮೂರು ಸೆಂಟಿಮೀಟರ್ ಎತ್ತರ. ಅಧ್ಯಕ್ಷರ ಮುಖ ನೋಡಬೇಕಿತ್ತು, ಒಂದು ದಿನದ ಮಟ್ಟಿಗೆ. ಆಮೇಲೆ ಅಂಟಿಸೋಣ ಅಂತಿದ್ದೆ. ಅಷ್ಟರಲ್ಲಿ ನೀನು ಬೆಣೆ ಕೇಳಿದ್ದು ನೆನಪಾಯಿತು. ಕದ್ದ ತುಂಡನ್ನು ಅಂಚೆ ಇಲಾಖೆ ಕೈಯಲ್ಲೇ ಸಾಗಿಸೋದು ಇನ್ನೂ ದೊಡ್ಡ ತಮಾಷೆ ಅನ್ನಿಸಿತು.

ಚಕ್ರವರ್ತಿ ನೆಲಕ್ಕೆ ಬಿದ್ದಾಗ ಹೇಳಬಹುದಿತ್ತು. ಅವತ್ತು ಒಂದು ಕುದುರೆ. ಆಮೇಲೆ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಒಂದಕ್ಕೆ ಹೇಳದವನು ನಾಲ್ಕಕ್ಕೆ ಹೇಗೆ ಹೇಳಲಿ? ಐದನೆಯವನು ಮೊಂಡ. ಪುಸ್ತಕದಲ್ಲಿ ಇದ್ದಿದ್ದು ಏಳು ಬೀಜದ ಕುದುರೆ. ಉಳಿದಿದ್ದು ಎರಡು.

ಅವತ್ತು ಬೆಳಗ್ಗೆ ಬಾಗಿಲ ಹತ್ತಿರ ಬೆಣೆ ಕಿತ್ತು ಕೈಯಲ್ಲಿ ಹಿಡಿದಿದ್ದೆ. ಅಳತೆಗಾರರಿಗೆ ತೋರಿಸಿಬಿಡೋಣ ಅಂತಲೇ ಕಿತ್ತಿದ್ದು. ಮೊಂಡ ಬಂದು ನನ್ನ ಬೆನ್ನ ಮೇಲೆ ಗದ್ದ ಇಟ್ಟ. "ಗುಮಾಸ್ತಾ!" ಅಂತ ಅಳತೆಗಾರರು ಕೂಗಿದರು. ನಾನು ಬೆಣೆಯನ್ನು ಇದ್ದಲ್ಲೇ ಇಟ್ಟು, ಕಾಲಲ್ಲಿ ಒತ್ತಿ, ಪುಸ್ತಕ ತೆಗೆದುಕೊಂಡು ಹೋದೆ. ಬೆಣೆ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಇನ್ನೊಂದು ಸಲ ತಿರುಗಿಯೂ ನೋಡಿದೆ.

ಹೋದ ವಾರ ಸಭೆ ನಡೆಯಿತು. ಎರಡೇ ಗಂಡಿನಿಂದ ತಳಿ ಉಳಿಯಲ್ಲ, ಮಿತಿ ಏರಿಸಬೇಕು ಅಂತ ಎಲ್ಲರೂ ಹೇಳಿದರು. ಎಷ್ಟು ಅಂತ ಅಧ್ಯಕ್ಷರು ಕೇಳಿದರು. ಅಳತೆಗಾರರು ಎದ್ದು ನಿಂತು, "ನೂರ ಮೂವತ್ಮೂರು," ಅಂದರು. "ಮೂವತ್ತೈದು ಮಾಡ್ರೀ, ದುಂಡಗಿರುತ್ತೆ," ಅಂದರು ಯಾರೋ. "ಬೇಡ, ಮೂರು ಸಾಕು," ಅಂತ ಹೇಳಿ ಅವರು ನನ್ನ ಕಡೆ ನೋಡಿದರು. ಎಂದಿನಿಂದ ಗೊತ್ತಿತ್ತೋ ಅವರಿಗೆ. ನಾನು ಕೇಳಲಿಲ್ಲ.

ಮಾರನೇ ದಿನ ಅವರು ನಿವೃತ್ತರಾದರು. ಎಲ್ಲರ ಎದುರಿಗೆ ಮಖಮಲ್ಲಿನ ಚೀಲ ನನ್ನ ಕೈಗಿಟ್ಟು, "ಇವತ್ತಿಂದ ನೀನೇ ಅಳತೆಗಾರ. ಈ ಕೋಲನ್ನ ನಿನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ," ಅಂದರು. ಚಪ್ಪಾಳೆ ಬಿತ್ತು. ತಲೆ ಸವರಿದರು.

ನನಗೀಗ ಪೂರ್ತಿ ಕುರ್ಚಿ ಸಿಕ್ಕಿದೆ ಅಕ್ಕಾ.

ಬೈದು ಬರಿ. ಏನಾದರೂ ಬರಿ.

ತಮ್ಮ


ಸೆಪ್ಟೆಂಬರ್ ೧೨

ತಳಿ ಪುಸ್ತಕದ ಅಳತೆಗಾರರಿಗೆ,

ತಮ್ಮ ಕಾಗದ ತಲುಪಿತು.

ಅಳತೆಯ ಬಗ್ಗೆ ಸಂದೇಹ ಬಂದರೆ ಆರು ತಿಂಗಳೊಳಗೆ ಮರು ಅಳತೆ ಕೇಳೋ ಹಕ್ಕು ಲಾಯದವರಿಗೆ ಉಂಟು ಅಂತ ತಳಿ ಪುಸ್ತಕದ ಹಿಂದಿನ ಹಾಳೆಯಲ್ಲೇ ಅಚ್ಚಾಗಿದೆ. ಅದರಂತೆ ಕೇಳುತ್ತಿದ್ದೇನೆ. ಇನ್ನೂ ಐದು ತಿಂಗಳೂ ಆಗಿಲ್ಲ.

ತಾವು ಕೋಲು ತೆಗೆದುಕೊಂಡು ಬರಬೇಕು. ಬೆಣೆ ಇಲ್ಲೇ ಇದೆ. ಅದನ್ನು ಕೋಲಿನ ಕೆಳಗಿಟ್ಟು ಮೊಂಡನನ್ನು ಅಳೆದು, ಬಂದ ಅಂಕೆಯನ್ನು ತಮ್ಮ ಕೈಯಾರೆ ಪುಸ್ತಕದಲ್ಲಿ ಬರೆಯಬೇಕು. ಹಳೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಯಾಕೆ ಹೊಡೆದಿದ್ದು ಅಂತ ಪಕ್ಕದಲ್ಲಿ ಬರೆಯಬೇಕು. ನನಗೆ ಬೇರೇನೂ ಬೇಡ. ಕುದುರೆ ವಾಪಸ್ ಗಂಡಾಗಲ್ಲ ಅಂತ ನನಗೂ ಗೊತ್ತು. ಆದರೆ ಅವನು ಅಳತೆಯಲ್ಲಿ ಸೋತವನಲ್ಲ. ಅದು ಪುಸ್ತಕದಲ್ಲಿ ಇರಬೇಕು. ಅವನ ಕಾಲು ಕೊಯ್ದವಳು ನಾನು. ನನಗಾಗಿಯಾದರೂ ಇರಬೇಕು.

ಕಂಬದ ಮೇಲೆ ಈಗ ಮೊಂಡನ ಗೆರೆಗಳು ಮಾತ್ರ ಇವೆ. ಉಳಿದವನ್ನು ಅರ ಹಾಕಿ ಉಜ್ಜಿ ತೆಗೆದಿದ್ದೇನೆ, ಗೊಂದಲ ಬೇಡ ಅಂತ.

ಲಾಯದ ಒಡತಿ


ಅಕ್ಟೋಬರ್ ೧

ತಳಿ ಪುಸ್ತಕದ ಕಚೇರಿ
ನೋಟೀಸು

ಮಾನ್ಯರೇ,

ವಿಷಯ: ತಮ್ಮ ಲಾಯದ ಕುದುರೆ 'ಮೊಂಡ'ನ ಮರು ಅಳತೆ ಕುರಿತು.

೧. ತಮ್ಮ ಸೆಪ್ಟೆಂಬರ್ ೧೨ರ ಮನವಿಯನ್ನು ಪರಿಶೀಲಿಸಲಾಯಿತು. ಮರು ಅಳತೆಯ ಅವಕಾಶವು ಬೀಜದ ಕುದುರೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸದರಿ ಕುದುರೆಗೆ ಏಪ್ರಿಲ್ ೨೪ರಂದು ಸಂತಾನಹರಣ ಆಗಿರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ.

೨. ಏಪ್ರಿಲ್ ೨೪ರ ಅಳತೆಯು ನಿಯಮಾನುಸಾರ ನಡೆದಿದ್ದು, ಅದರಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ.

೩. ತಮ್ಮ ಬಳಿ ಇರುವ ಮರದ ತುಂಡು ಈ ಕಚೇರಿಯ ಸ್ವತ್ತಾಗಿದ್ದು, ಅದನ್ನು ಹದಿನೈದು ದಿನದೊಳಗೆ ಅಂಚೆಯ ಮೂಲಕ ಮರಳಿಸತಕ್ಕದ್ದು.

ಅಳತೆಗಾರ
(ಮೊಹರು)


ಅಕ್ಟೋಬರ್ ೯

ಪುಟ್ಟ,

ನೋಟೀಸು ಬಂತು. ತುಂಡು ಕೊಡಲ್ಲ, ಬೇಕಿದ್ದರೆ ಬಂದು ಕಿತ್ಕೊಂಡು ಹೋಗು. ಬಾಗಿಲ ಹತ್ತಿರ ಮೊಂಡ ನಿಂತಿರ್ತಾನೆ, ಅವನೇನೂ ಮಾಡಲ್ಲ.

ಕಾಗದ ತಿರುಗಿಸಿ ಹಿಂದೆನೂ ನೋಡಿದೆ. ಮೇಲಿನದೆಲ್ಲ ತಮಾಷೆ ಅಂತ ಎಲ್ಲಾದರೂ ಬರೆದಿದ್ದೀಯೇನೋ ಅಂತ.

ಅಕ್ಕ